ನಮ್ಮೂರ ಬಾವಿ ನೆನಪಾಯಿತು

ತಾಂಬಾ, ತಾ. ಇಂಡಿ
೪ ಸೆಪ್ಟೆಂಬರ್ ೨೦೨೨

ಸಂಜೀವನಿಗೆ ವಿದ್ಯಾವತಿಯ ನಮಸ್ಕಾರ.

ಪೆಟ್ಟಿಗೆ ಬಿಚ್ಚಿದ ಕೂಡಲೇ ಬಾಟಲಿಗೆ ಕೈ ಹಾಕಬೇಡ, ಮೊದಲು ಇದನ್ನು ಓದು. ಫೋನು ಮಾಡಿದರೆ ನೀನು ‘ನೋಡೋಣ, ನೋಡೋಣ’ ಎಂದು ಇಟ್ಟುಬಿಡುತ್ತೀಯ. ಕಾಗದಕ್ಕೆ ಕಾಗದದಲ್ಲೇ ಉತ್ತರ ಕೊಡಬೇಕು. ಅದರಲ್ಲಿ ಬರೀ ‘ನೋಡೋಣ’ ಎಂದು ಬರೆದು ಅಂಚೆಚೀಟಿ ಹಚ್ಚಲು ನಿನಗೂ ನಾಚಿಕೆಯಾದೀತು. ಧಾರವಾಡದ ಕೃಷಿ ಕಾಲೇಜಿನಲ್ಲಿ ನನ್ನ ನೋಟ್ಸು ನಕಲು ಮಾಡಿ ಪಾಸಾದವನು ನೀನು. ಈಗ ನಾಸಿಕದಲ್ಲಿ ಕುಳಿತು ದೇಶದ ವೈನ್‌ಗಳನ್ನೆಲ್ಲ ಬಾಯಿಗೆ ಹಾಕಿ ಉಗುಳುತ್ತೀಯಂತೆ. ಉಗುಳುವುದಕ್ಕೂ ಸಂಬಳ ಕೊಡುತ್ತಾರೆಂದು ಕೇಳಿ ನಮ್ಮ ಅತ್ತೆ ಸುಮಿತ್ರಾಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ವಿಷಯ ಇದು. ನಮ್ಮದು ಮೊದಲಿನಿಂದ ಒಣದ್ರಾಕ್ಷಿಯ ಊರು. ಬಿಳಿ ದ್ರಾಕ್ಷಿ ಬೆಳೆಯುವುದು, ನೆರಳಿನ ಶೆಡ್ಡಿನಲ್ಲಿ ಒಣಗಿಸುವುದು, ಮಾರುವುದು. ಕೆಲವು ವರ್ಷದ ಹಿಂದೆ ನಾನು ಹಟಕ್ಕೆ ಬಿದ್ದು ವೈನಿನ ಕರಿ ದ್ರಾಕ್ಷಿ ಹಚ್ಚಿದೆ, ಅದೇ ಶೆಡ್ಡಿನಲ್ಲಿ ತೊಟ್ಟಿಗಳನ್ನು ಕೂರಿಸಿದೆ. ಬದುವಿನಾಚೆಯ ತೋಟ ಮುರ್ತುಜಾಸಾಬರದು. ನನ್ನನ್ನು ನೋಡಿ ಅವರೂ ಮಗ ಹುಟ್ಟಿದ ವರ್ಷ ಹಚ್ಚಿದ ಬಳ್ಳಿಗಳನ್ನು ಕೀಳಿಸಿದರು. ‘ಇನ್ನೊಮ್ಮೆ ವಿಚಾರ ಮಾಡ್ರಿ ಕಾಕಾ’ ಎಂದೆ. ‘ಯವ್ವಾ, ನೀ ಕಲತಾಕಿ. ನೀ ಹಚ್ಚಿದಿ ಅಂದ್ರ ನಾನೂ ಹಚ್ಚತೇನಿ, ಮುಗೀತು’ ಎಂದರು. ಈಗ ಅವರ ದ್ರಾಕ್ಷಿ, ನನ್ನ ದ್ರಾಕ್ಷಿ, ಎರಡೂ ಒಂದೇ ತೊಟ್ಟಿಗೆ ಬೀಳುತ್ತವೆ.

ಭೀಮಾತೀರದ ವೈನಿಗೆಂದು ಒಂದು ಮುದ್ರೆ ಬರುತ್ತದೆ, ಅದರ ಗುಣಮಟ್ಟದ ನಿಯಮ ಬರೆಯುವ ಸಮಿತಿಯಲ್ಲಿ ನೀನಿದ್ದೀಯ ಎಂದು ಪೇಪರಿನಲ್ಲಿ ಓದಿದೆ. ಭೀಮಾತೀರ ಎಂದರೆ ಇಷ್ಟು ದಿನ ಮಂದಿಗೆ ಬಂದೂಕು ನೆನಪಾಗುತ್ತಿತ್ತು, ಇನ್ನಾದರೂ ಬಾಟಲಿ ನೆನಪಾಗಲಿ. ಪುಣೆಯ ವ್ಯಾಪಾರಿ ಬಾಯಿಬಿಟ್ಟು ಹೇಳಿದ್ದಾನೆ. ಮುದ್ರೆ ಬಿದ್ದರೆ ನಮ್ಮಿಬ್ಬರ ಮಾಲನ್ನೂ ಎತ್ತುತ್ತಾನೆ, ಬೀಳದಿದ್ದರೆ ಒಂದು ಬಾಟಲಿಯೂ ಬೇಡ. ಅದಕ್ಕೇ ಈ ಪೆಟ್ಟಿಗೆ. ಕುಡಿದು ನೋಡು, ಇದ್ದದ್ದು ಇದ್ದ ಹಾಗೆ ಬರೆ. ಕೆಟ್ಟಿದ್ದರೆ ಕೆಟ್ಟಿದೆ ಅನ್ನು. ಮುನಿಸಿಕೊಳ್ಳಲು ನಾನೇನು ನಿನ್ನ ಬೀಗಿತ್ತಿಯಲ್ಲ.

ವಿದ್ಯಾವತಿ

* * *

ನಾಸಿಕ
೨೦ ಅಕ್ಟೋಬರ್ ೨೦೨೨

ಪ್ರಿಯ ವಿದ್ಯಾವತಿ,

ನಿನ್ನ ಪೆಟ್ಟಿಗೆ ಕ್ಷೇಮವಾಗಿ ತಲುಪಿತು. ಉತ್ತರ ತಡವಾಯಿತು, ಕ್ಷಮಿಸು. ಇಲ್ಲಿ ಒಂದರ ಹಿಂದೆ ಒಂದು ಸಭೆ.

ಬಣ್ಣ ತುಂಬ ಚೆನ್ನಾಗಿದೆ. ಪರಿಮಳ ಅದಕ್ಕಿಂತ ಚೆನ್ನಾಗಿದೆ. ಇಲ್ಲಿಯ ದೊಡ್ಡವರ ಬಾಟಲಿಗಳಲ್ಲೂ ಇಷ್ಟು ಶುದ್ಧವಾದ ಪರಿಮಳ ಅಪರೂಪ. ರುಚಿಯ ಬಗ್ಗೆ ಹೇಳುವುದಾದರೆ, ಮೊದಲ ಗುಟುಕಿಗೇ ನಮ್ಮೂರ ಬಾವಿ ನೆನಪಾಯಿತು. ಡೋಣಿ ಹೊಳೆಯ ದಂಡೆಯ ನಮ್ಮ ಹೊಲದ ಬಾವಿ ನಿನಗೆ ಗೊತ್ತು. ತಂಗಿ ಸುನಂದಾಳ ಮದುವೆಗೆ ಬಸವನಬಾಗೇವಾಡಿಗೆ ಬಂದಾಗ ನೀವೆಲ್ಲ ಅಲ್ಲಿಯೇ ಕೈಕಾಲು ತೊಳೆದಿದ್ದಿರಿ. ಇಷ್ಟು ವರ್ಷದ ಮೇಲೆ ಒಂದು ಗುಟುಕು ನನ್ನನ್ನು ಆ ಬಾವಿಯ ದಂಡೆಗೆ ಒಯ್ದು ನಿಲ್ಲಿಸಿತು. ಬಹಳ ಹೊತ್ತು ಗ್ಲಾಸು ಹಿಡಿದು ಕುಳಿತಿದ್ದೆ.

ಎರಡು ಮಾತು ಕೇಳಬೇಕು. ತೋಟಕ್ಕೆ ನೀರು ಎಲ್ಲಿಂದ? ಮತ್ತು ನಿನ್ನ ಬಾಯಿಗೆ ವೈನಿನ ರುಚಿ ಹೇಗೆ ಬಂತು? ನಿನಗೇನು ಅನ್ನಿಸಿದೆ ಎಂದು ತಿಳಿದರೆ ನನಗೂ ಮುಂದೆ ಬರೆಯಲು ಅನುಕೂಲ.

ಮನೆಯವರಿಗೆಲ್ಲ ನಮಸ್ಕಾರ ತಿಳಿಸು.

ಸಂಜೀವಕುಮಾರ

* * *

ತಾಂಬಾ
೨ ನವೆಂಬರ್ ೨೦೨೨

ಸಂಜೀವ,

ನೀನು ಇಷ್ಟು ಚೆಂದ ಬರೆಯುತ್ತೀಯೆಂದು ಗೊತ್ತಿದ್ದರೆ ಕಾಲೇಜಿನಲ್ಲಿ ನಾನೇ ನಿನ್ನ ನೋಟ್ಸು ಇಸಿದುಕೊಳ್ಳುತ್ತಿದ್ದೆ. ಮುರ್ತುಜಾಸಾಬರನ್ನು ಕರೆಸಿ, ಕಟ್ಟೆಯ ಮೇಲೆ ಕೂರಿಸಿ, ಪತ್ರ ಓದಿ ಹೇಳಿದೆ. ಬಾವಿಯ ಸಾಲು ಬಂದಾಗ ಅವರು ಕೈ ಎತ್ತಿ ತಡೆದರು.

‘ಅದನ್ನ ಇನ್ನೊಮ್ಮೆ ಓದವ್ವ.’

ಓದಿದೆ.

‘ನಾಸಿಕದಾಗ ಕುಂತಾವಗ ತನ್ನ ಊರ ಬಾವಿ ನೆನಪಾತು ಅಂದ್ರ ಇನ್ನೇನು ಬೇಕು? ಮುದ್ರಿ ಬಿದ್ದಂಗ ತಿಳಿ.’

ಮನೆಗೆ ಹೋಗಿ ಹೆಂಡತಿ ಸೈದಾಬಿಗೂ ಹೇಳಿರಬೇಕು. ಸಂಜೆ ಆಕೆ ಒಂದು ಡಬ್ಬಿ ಶೀರಾ ಕಳಿಸಿದಳು.

ನೀರು ಎಲ್ಲಿಂದ ಎಂದು ಕೇಳಿದ್ದೀಯ. ನಮ್ಮ ಮಾವನವರ ತಂದೆ ತೋಡಿಸಿದ ಬಾವಿ. ಎರಡೂ ತೋಟಕ್ಕೆ ಅದೇ ನೀರು, ಎರಡೂ ಮನೆಗೆ ಕುಡಿಯಲೂ ಅದೇ. ನಮ್ಮ ಯಜಮಾನರು ಸಿಂದಗಿಯ ಕಾಲೇಜಿನಲ್ಲಿ ಪಾಠ ಮಾಡುತ್ತಾರಲ್ಲ, ಅಲ್ಲಿಯ ನೀರು ಸಪ್ಪೆ, ಗಂಟಲಿಗೆ ಇಳಿಯುವುದಿಲ್ಲ ಎಂದು ಇಲ್ಲಿಂದಲೇ ಬಾಟಲಿ ತುಂಬಿಸಿಕೊಂಡು ಬಸ್ಸು ಹತ್ತುತ್ತಾರೆ. ಅಂಥ ನೀರು.

ಇನ್ನು ನನಗೆ ಹೇಗನ್ನಿಸಿತು ಎಂದೆಯಲ್ಲ. ಗ್ಲಾಸು ತುಸು ತಿರುಗಿಸಿದರೆ ಮೊದಲು ನೇರಳೆ ಹಣ್ಣು, ಆಮೇಲೆ ಮೊದಲ ಮಳೆ ಬಿದ್ದ ಎರೆಮಣ್ಣು, ಕೊನೆಗೆ ಹುರಿದ ಮೆಣಸು. ತೊಟ್ಟಿಯಲ್ಲಿ ರಸ ಕುದಿಯುವಾಗಲೇ ಇದು ಒಳ್ಳೆಯದಾಗುತ್ತದೆಂದು ವಾಸನೆಯಿಂದ ಗೊತ್ತಾಗಿತ್ತು. ಇನ್ನು ಹೆಚ್ಚು ಹೇಳಿದರೆ ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀನೇ ನಗುತ್ತೀಯ. ಸಾಕು.

ವಿದ್ಯಾ

* * *

ನಾಸಿಕ
೧೮ ಜನವರಿ ೨೦೨೩

ಪ್ರಿಯ ವಿದ್ಯಾವತಿ,

ಪತ್ರ ಓದಿ ಸಂತೋಷವಾಯಿತು. ನಿನ್ನ ಮೂಗು ನಿಜಕ್ಕೂ ಚುರುಕು.

ಸಮಿತಿಯ ಮಾತನ್ನು ನಾನು ಹೊರಗೆ ಆಡುವಂತಿಲ್ಲ. ನಿಯಮಗಳು ಬಿಗಿಯಾಗಿರುತ್ತವೆ ಎಂದಷ್ಟೇ ಹೇಳಬಲ್ಲೆ. ಒಂದು ಸಣ್ಣ ಸಲಹೆಯಿದೆ. ಸಾಧ್ಯವಾದರೆ ತೋಟದಲ್ಲಿ ಒಂದು ಕೃಷಿಹೊಂಡ ತೋಡಿಸು. ಬಳ್ಳಿಗೆ ಬಾವಿಯ ನೀರಿನ ಜೊತೆ ಮಳೆನೀರೂ ಸಿಕ್ಕರೆ ಚೆಂದ. ಈಗ ಬಹಳ ಕಡೆ ಹಾಗೆ ಮಾಡುತ್ತಿದ್ದಾರೆ. ಯೋಚಿಸಿ ನೋಡು.

ಎಲ್ಲ ಒಳ್ಳೆಯದಾಗಲಿ.

ಸಂಜೀವಕುಮಾರ

* * *

ತಾಂಬಾ
೧೦ ಜುಲೈ ೨೦೨೩

ಸಂಜೀವ,

ಈ ವರ್ಷದ ಸುಗ್ಗಿ ಮುಗಿದು, ರಸ ತಿಳಿಯಾಗಿ, ಬಾಟಲಿಗೂ ಇಳಿಯಿತು. ಹೋದ ವರ್ಷಕ್ಕಿಂತ ಬಣ್ಣ ಗಾಢ. ಪರೀಕ್ಷೆಗೆ ಕಳಿಸಿದ್ದೆ, ಮದ್ಯಸಾರ, ಹುಳಿ, ಗಂಧಕ ಎಲ್ಲವೂ ಸರಿಯಾಗಿವೆ ಎಂದು ಬಂದಿದೆ. ಅತ್ತೆ ಪೂಜೆಗೆ ಕುಳಿತಾಗ ಮಾತ್ರ ಶೆಡ್ಡಿನ ಬಾಗಿಲು ಮುಚ್ಚಿರಬೇಕು. ಉಳಿದ ಹೊತ್ತಿನಲ್ಲಿ ಅವರೇ ಹೋಗಿ ತೊಟ್ಟಿಗೆ ಕಿವಿಕೊಟ್ಟು, ‘ಇನ್ನೂ ಗೊರಗೊರ ಅನ್ನಾಕತ್ತೈತಿ, ಮುಟ್ಟಬ್ಯಾಡ್ರಿ’ ಎಂದು ನಮಗೆ ಬುದ್ಧಿ ಹೇಳುತ್ತಿದ್ದರು.

ನಿನ್ನ ಹೊಂಡದ ಮಾತನ್ನು ಮುರ್ತುಜಾಸಾಬರ ಮುಂದೆ ಇಟ್ಟೆ. ‘ಬಾವ್ಯಾಗ ಇಷ್ಟ ನೀರ ಇರತಾ ಹೊಂಡ ಯಾಕವ್ವ? ಪಾಪ, ನಮ್ಮ ಕಡೆ ನೀರಿಲ್ಲ ಅಂತ ಮರಗಿ ಬರದಾನ’ ಎಂದರು. ನನಗೂ ಹಾಗೇ ಅನ್ನಿಸಿತು. ಹೆದರಬೇಡ ಮಾರಾಯ, ನಮ್ಮ ಬಾವಿ ಬತ್ತುವುದಿಲ್ಲ.

ಈಗ ಮುಖ್ಯ ಮಾತು. ಇದರ ಜೊತೆಗಿರುವ ಲೇಬಲ್ಲು ನೋಡು. ಹೆಸರಿನ ಕೆಳಗೆ ಏನು ಅಚ್ಚಾಗಿದೆ ಓದು. ‘ಮೊದಲ ಗುಟುಕಿಗೇ ನಮ್ಮೂರ ಬಾವಿ ನೆನಪಾಯಿತು.’ ನಿನ್ನ ಸಾಲು! ನಿನ್ನ ಹೆಸರು ಹಾಕಿಲ್ಲ, ಸಮಿತಿಯವನೆಂದು ನಿನಗೆ ತೊಂದರೆಯಾಗಬಾರದು. ಪಕ್ಕದಲ್ಲಿರುವ ಬಾವಿಯ ಚಿತ್ರ ನಮ್ಮದೇ ಬಾವಿ. ಅಚ್ಚಿಗೆ ಕೊಡುವ ಮೊದಲು ಮುರ್ತುಜಾಸಾಬರು ಚಿತ್ರವನ್ನು ಬೆಳಕಿಗೆ ಹಿಡಿದು, ರಾಟೆ ಎಡಕ್ಕಿರಬೇಕು, ಬಲಕ್ಕೆ ಹಾಕಿದ್ದಾರೆ ಎಂದು ತಿದ್ದಿಸಿದರು. ಎಲ್ಲ ಬಾಟಲಿಗೂ ಇದೇ.

ಮುದ್ರೆಗೆ ಅರ್ಜಿ ಹಾಕುತ್ತಿದ್ದೇವೆ. ಲೇಬಲ್ಲು ಹೇಗಿದೆ ಬರೆ.

ವಿದ್ಯಾ

* * *

ತಾಂಬಾ
೨೫ ನವೆಂಬರ್ ೨೦೨೩

ಸಂಜೀವ,

ಜುಲೈಯಲ್ಲಿ ಬರೆದದ್ದಕ್ಕೆ ಉತ್ತರವಿಲ್ಲ. ದಸರೆ ಹೋಯಿತು, ದೀಪಾವಳಿ ಹೋಯಿತು. ಮುರ್ತುಜಾಸಾಬರು ಬದು ದಾಟಿ ಬಂದಾಗಲೆಲ್ಲ ‘ನಾಸಿಕದವರು ಏನಂದ್ರು?’ ಎಂದು ಕೇಳುತ್ತಾರೆ. ‘ಕೆಲಸದ ಮನುಷ್ಯ, ಬರೀತಾನ’ ಎಂದು ನಿನ್ನ ಪರವಾಗಿ ವಕೀಲಿ ಮಾಡಿ ಸಾಕಾಗಿದೆ. ಲೇಬಲ್ಲು ಸೇರಿಲ್ಲದಿದ್ದರೆ ಹೇಳು, ಇನ್ನೊಂದು ಕಳಿಸುತ್ತೇನೆ. ಸೇರಿದ್ದರೆ ‘ಸೇರಿತು’ ಎಂಬ ಒಂದೇ ಮಾತು ಬರೆದರೂ ಆದೀತು. ಅದರಿಂದ ನಿನ್ನ ಸಮಿತಿಯ ಮಾನವೇನೂ ಹೋಗುವುದಿಲ್ಲ.

ವಿದ್ಯಾವತಿ

* * *

ನಾಸಿಕ
೬ ಜನವರಿ ೨೦೨೪

ಶ್ರೀಮತಿ ವಿದ್ಯಾವತಿ ಅವರಿಗೆ,

ಲೇಬಲ್ಲು ಸೇರಿತು. ತಮ್ಮ ಅರ್ಜಿಯೂ ಸಮಿತಿಗೆ ತಲುಪಿದೆ. ಅರ್ಜಿ ಬಂದ ಮೇಲೆ ಅರ್ಜಿದಾರರೊಂದಿಗೆ ಸದಸ್ಯರು ಪತ್ರ ವ್ಯವಹಾರ ಮಾಡುವುದು ಸರಿಯಲ್ಲ. ದಯವಿಟ್ಟು ಅನ್ಯಥಾ ಭಾವಿಸಬಾರದು.

ಗೆಳೆಯನಾಗಿ ಒಂದೇ ಮಾತು. ಲೇಬಲ್ಲಿನ ಆ ಸಾಲನ್ನು ತೆಗೆದರೆ ಒಳ್ಳೆಯದು. ಬರೀ ಬಾವಿಯ ಚಿತ್ರವಿದ್ದರೂ ಸಾಕು. ಅದೂ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ಸಂಜೀವಕುಮಾರ

* * *

ತಾಂಬಾ
೨೦ ಜನವರಿ ೨೦೨೪

ಶ್ರೀಯುತ ಸಂಜೀವಕುಮಾರ ಸಾಹೇಬರಿಗೆ,

ನೋಡು, ನನಗೂ ಹೀಗೆ ಬರೆಯಲು ಬರುತ್ತದೆ. ಆದರೆ ಎರಡನೆಯ ಸಾಲಿಗೇ ನಗು ಬಂದು ಕೆಡುತ್ತದೆ. ನಿಯಮವೆಂದರೆ ನಿಯಮ, ನೀನು ಬರೆಯಬೇಡ. ನಾನು ಬರೆಯಬಾರದೆಂದು ಎಲ್ಲೂ ಹೇಳಿಲ್ಲ.

ನಿನಗೆ ಕಾಲೇಜಿನಲ್ಲೂ ಹೀಗೇ ಸಂಕೋಚ. ಬಹುಮಾನ ಬಂದರೆ ವೇದಿಕೆ ಹತ್ತದೆ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಿದ್ದೆ. ಆ ಸಾಲು ಬರೆದವನು ನೀನೆಂದು ಈ ಊರಿನ ಹೊರಗೆ ಒಂದು ನರಪಿಳ್ಳೆಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಬಾಟಲಿಗೆಲ್ಲ ಹಚ್ಚಿ ಆಗಿದೆ. ಕೆರೆದು ತೆಗೆಯಲು ನನಗೆ ಮನಸ್ಸಿಲ್ಲ. ಮುರ್ತುಜಾಸಾಬರ ಮನೆಯಲ್ಲಿ ಒಂದು ಲೇಬಲ್ಲಿಗೆ ಕಟ್ಟು ಹಾಕಿಸಿ ಗೋಡೆಗೆ ಏರಿಸಿದ್ದಾರೆ. ವೈನಿನ ಹೆಸರು ಬರೆದ ಭಾಗವನ್ನು ಮಾತ್ರ ಸೈದಾಬಿ ಕತ್ತರಿಸಿ ತೆಗೆದಿದ್ದಾಳೆ. ಬಾವಿ ಮತ್ತು ನಿನ್ನ ಸಾಲು ಉಳಿದಿವೆ.

ಪುಣೆಯಲ್ಲಿ ಮೇ ತಿಂಗಳಿಗೆ ಪರೀಕ್ಷೆಯಂತೆ. ಕಾಕಾ ಹೊಸ ಅಂಗಿ ಹೊಲಿಸುತ್ತಿದ್ದಾರೆ.

ವಿದ್ಯಾ

* * *

ತಾಂಬಾ
೧೪ ಜೂನ್ ೨೦೨೪

ಸಂಜೀವಕುಮಾರ,

ಆದೇಶ ಬಂತು. ‘ಲವಣಾಂಶ ಮಿತಿ ಮೀರಿದೆ. ಬಾಯಲ್ಲಿ ಸ್ಪಷ್ಟ ಉಪ್ಪು. ಭೀಮಾತೀರ ಮುದ್ರೆಗೆ ಅರ್ಹವಲ್ಲ.’ ಕೆಳಗೆ ಐವರ ಸಹಿ. ನಿನ್ನ ಸಹಿ ಈಗಲೂ ಕಾಲೇಜಿನಲ್ಲಿದ್ದ ಹಾಗೇ ಇದೆ.

ಪುಣೆಯಲ್ಲಿ ಪರೀಕ್ಷೆಯ ದಿನ ನಾವು ಹೊರಗಿನ ಬೆಂಚಿನಲ್ಲಿದ್ದೆವು. ಬಾಗಿಲು ಅರ್ಧ ತೆರೆದಿತ್ತು. ಬಾಟಲಿಗಳಿಗೆಲ್ಲ ಬಟ್ಟೆ ಸುತ್ತಿ ಇಟ್ಟಿದ್ದಿರಿ, ಯಾರದು ಎಂದು ತಿಳಿಯಬಾರದೆಂದು. ಮುರ್ತುಜಾಸಾಬರು ಹೊಸ ಅಂಗಿಯಲ್ಲಿ ಕತ್ತು ಉದ್ದ ಮಾಡಿ ನೋಡಿ, ‘ಎಲ್ಲಾರೂ ಉಗಳಾಕತ್ತಾರಲ್ಲವ್ವ’ ಎಂದರು. ಅದು ಪದ್ಧತಿ ಕಾಕಾ, ಎಂದೆ. ಅಂಕ ಹಾಕಿ ಮುಗಿದ ಮೇಲೆ ಬಟ್ಟೆ ಬಿಚ್ಚಿದಿರಿ. ಯಾರೋ ನಮ್ಮ ಬಾಟಲಿ ಎತ್ತಿ ಲೇಬಲ್ಲು ಓದಿದರು, ಹಿಂದಿಯಲ್ಲಿ ಅರ್ಥ ಹೇಳಿದರು. ಕೋಣೆಗೆ ಕೋಣೆಯೇ ನಕ್ಕಿತು.

ಕಾಕಾ ನನ್ನ ಕಡೆ ತಿರುಗಿ ಕೇಳಿದರು, ‘ಯಾಕ ನಗತಾರವ್ವ? ಭಾಳ ಚಲೋ ಆಗೇತೇನು?’

ಹೌದು ಎಂದೆ. ಸುಳ್ಳು ಹೇಳಲಿಲ್ಲ, ನಾನೂ ಹಾಗೇ ತಿಳಿದಿದ್ದೆ. ನೀನು ನಗಲಿಲ್ಲ, ಅಷ್ಟು ಮಾತ್ರ ನಿನ್ನ ಪಾಲಿಗೆ ಹೇಳಬಹುದು. ಕರವಸ್ತ್ರದಿಂದ ಬಾಯಿ ಒರೆಸಿಕೊಂಡು ಮೇಜು ನೋಡುತ್ತಿದ್ದೆ. ಈ ಸಾಲು ನನ್ನದು, ನಗುವುದಿದ್ದರೆ ನನ್ನನ್ನು ನೋಡಿ ನಗಿರಿ ಎಂದೂ ಹೇಳಲಿಲ್ಲ.

ಈಗ ನಾನು ಹೇಳದೆ ಬಿಟ್ಟದ್ದನ್ನು ಹೇಳುತ್ತೇನೆ. ನಮ್ಮಲ್ಲಿ ಯಾರೂ ಆ ವೈನನ್ನು ಬಾಯಿಗೆ ಹಾಕಿಲ್ಲ. ತೊಟ್ಟಿ ಕೂರಿಸಿದ ದಿನವೇ ಅತ್ತೆ ಕರೆದು, ‘ಮಾಡ್ರಿ, ಮಾರ್ರಿ. ಕೊರಳಾಗ ಲಿಂಗ ಐತಿ, ಅದರ ಒಂದ ಹನಿ ಬಾಯಾಗ ಬೀಳಬಾರದು’ ಎಂದು ನನ್ನಿಂದಲೂ ಯಜಮಾನರಿಂದಲೂ ಮಾತು ತೆಗೆದುಕೊಂಡರು. ಮುರ್ತುಜಾಸಾಬರಿಗೆ ಯಾರೂ ಹೇಳಬೇಕಾಗಿರಲಿಲ್ಲ. ವಾಸನೆ, ಬಣ್ಣ, ಮಾಪನ ಇವುಗಳ ಮೇಲೆಯೇ ನಾವು ವೈನ್ ಮಾಡಿದೆವು, ಚೆನ್ನಾಗಿಯೇ ಮಾಡಿದೆವು. ಉಪ್ಪಿಗೆ ವಾಸನೆಯಿಲ್ಲ. ನಿನ್ನ ಬಾಯಿ ನೋಡಿದೆ ಎಂದು ನಾವು ನಿಶ್ಚಿಂತರಾಗಿದ್ದೆವು. ವೈನ್ ಮಾಡುವವಳು ರುಚಿ ನೋಡಿಲ್ಲ ಎಂದು ಸಮಿತಿಯವನ ಮುಂದೆ ಹೇಳಿಕೊಳ್ಳಲು ನನಗೆ ನಾಚಿಕೆಯಾಯಿತು. ನಾನು ಮುಚ್ಚಿಟ್ಟದ್ದು ಇಷ್ಟೇ.

ನೀನು ಮುಚ್ಚಿಟ್ಟದ್ದು ಎಷ್ಟು? ಮೊದಲ ಗುಟುಕಿಗೇ ನಿನಗೆ ಉಪ್ಪು ತಿಳಿದಿತ್ತೋ ಇಲ್ಲವೋ? ಹೌದು ಅಥವಾ ಇಲ್ಲ, ಅಷ್ಟು ಬರೆ.

ವಿದ್ಯಾವತಿ

* * *

ನಾಸಿಕ
೩೦ ಜುಲೈ ೨೦೨೪

ವಿದ್ಯಾ,

ಹೌದು. ತಿಳಿದಿತ್ತು.

ಆದರೆ ನಿನಗೂ ತಿಳಿದಿದೆ ಎಂದುಕೊಂಡಿದ್ದೆ. ತಾನು ಮಾಡಿದ ವೈನನ್ನು ರುಚಿ ನೋಡದೆ ಕಳಿಸುವವರು ಇರುತ್ತಾರೆಂದು ನನಗೆ ಹೇಗೆ ಗೊತ್ತಾಗಬೇಕು? ನಿನ್ನ ಬಾಯಿಗೆ ಹೇಗೆ ಬಂತು ಎಂದು ಕೇಳಿದೆ, ನೀನು ನೇರಳೆ ಹಣ್ಣಿನ ವಾಸನೆ ಹೇಳಿದೆ. ಉಪ್ಪಿನ ಮಾತು ನಿನಗೆ ಬೇಡವಾಗಿದೆ, ಗೊತ್ತಿದ್ದೂ ಬದಿಗಿಟ್ಟಿದ್ದೀಯ ಎಂದು ತಿಳಿದೆ. ನಿನಗೆ ತಿಳಿದಿದೆ ಎಂದುಕೊಂಡೇ ಮೊದಲು ಬಾವಿ ಎಂದಷ್ಟೇ ಬರೆದದ್ದು. ಡೋಣಿ ಹೊಳೆಯ ನೀರೇ ಉಪ್ಪು, ಅದರ ದಂಡೆಯ ಬಾವಿ ಎಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕೇ? ಹೊಂಡ ತೋಡಿಸು ಎಂದೂ ಬರೆದೆ. ಸಾಲು ತೆಗೆ ಎಂದೂ ಬರೆದೆ. ಇದಕ್ಕಿಂತ ಹೆಚ್ಚು ನಾನು ಹೇಗೆ ಹೇಳಬೇಕಾಗಿತ್ತು?

ಉಪ್ಪಿನ ಮಿತಿಯ ನಿಯಮ ಬರೆದವನು ನಾನೇ. ಇದನ್ನೂ ಬೇರೆಯವರಿಂದ ಕೇಳುವ ಮೊದಲು ನನ್ನಿಂದಲೇ ಕೇಳು. ಇಲ್ಲಿಗೆ ಹೊಸದಾಗಿ ಬಂದಾಗ ನನ್ನ ಜೊತೆಯವರು ನನ್ನನ್ನು ‘ಖಾರಂ ಪಾಣಿ’ ಎಂದು ಕರೆಯುತ್ತಿದ್ದರು, ಉಪ್ಪು ನೀರು ಎಂದು. ನಮ್ಮ ಕಡೆಯ ದ್ರಾಕ್ಷಿ ಬಂತೆಂದರೆ ಲೋಟ ಎತ್ತುವ ಮೊದಲೇ ಮುಖ ಕಿವುಚುತ್ತಿದ್ದರು. ಭೀಮಾತೀರದ ಹೆಸರಿನ ಬಾಟಲಿ ನೋಡಿ ಇನ್ನೊಮ್ಮೆ ಯಾರೂ ನಗಬಾರದೆಂದು ನಾನು ಆ ಮಿತಿ ಹಾಕಿಸಿದೆ. ಊರಿನ ಮಾನಕ್ಕಾಗಿ ಮಾಡಿದ್ದು.

ಇದಕ್ಕೆ ದಾರಿಯಿದೆ. ಉಪ್ಪನ್ನು ಮೇಲಕ್ಕೆ ಬಿಡದ ಬೇರುಸಸಿಗಳಿವೆ, ಅವುಗಳ ಮೇಲೆ ಕಸಿ ಕಟ್ಟಬೇಕು. ಹೊಂಡದ ಮಳೆನೀರಿನಿಂದ ಮಣ್ಣು ತೊಳೆಯಬೇಕು. ಮೂರು ನಾಲ್ಕು ವರ್ಷದಲ್ಲಿ ಮತ್ತೆ ಅರ್ಜಿ ಹಾಕಬಹುದು. ಎಲ್ಲ ವಿವರ ಬರೆದು ಕಳಿಸುತ್ತೇನೆ. ಬೇಕೆಂದರೆ ನಾನೇ ಬಂದು ನಿಲ್ಲುತ್ತೇನೆ.

ಸಂಜೀವ

* * *

ನಾಸಿಕ
೧೮ ನವೆಂಬರ್ ೨೦೨೪

ವಿದ್ಯಾ,

ಉತ್ತರ ಬರಲಿಲ್ಲ. ಬೇರುಸಸಿಯ ವಿವರ ಕಳಿಸಿದ್ದೆ, ಸೇರಿತೇ? ದೀಪಾವಳಿಗೆ ಬಸವನಬಾಗೇವಾಡಿಗೆ ಬಂದಿದ್ದೆ. ತಾಂಬಾಕ್ಕೆ ಹೊರಟು ಇಂಡಿಯವರೆಗೂ ಬಂದೆ. ಅಲ್ಲಿ ಟೆಂಪೋ ಹತ್ತದೆ ಹಿಂದಕ್ಕೆ ಹೋದೆ. ಬೈದಾದರೂ ಒಂದು ಸಾಲು ಬರೆ.

ಸಂಜೀವ

* * *

ತಾಂಬಾ
೯ ಫೆಬ್ರುವರಿ ೨೦೨೫

ಸಂಜೀವ,

ಬೈಯಬೇಕೆಂದೇ ಹಲವು ಸಲ ಕುಳಿತೆ, ಅದಕ್ಕೇ ತಡವಾಯಿತು. ನಿನ್ನ ವಿವರವೆಲ್ಲ ಸೇರಿದೆ. ಚೆನ್ನಾಗಿ, ಬಿಡಿಸಿ ಬಿಡಿಸಿ, ಮಗುವಿಗೂ ತಿಳಿಯುವ ಹಾಗೆ ಬರೆದಿದ್ದೀಯ. ಇಷ್ಟು ಬಿಡಿಸಿ ಬರೆಯಲು ಬರುತ್ತಿದ್ದವನು ಅಂದು ‘ವಿದ್ಯಾ, ಉಪ್ಪಾಗೈತಿ’ ಎಂದು ಒಂದು ಮಾತು ಬರೆಯಲಿಲ್ಲ. ನಮ್ಮ ಕಡೆ ಊಟಕ್ಕೆ ಕುಳಿತವನು ಸಾರು ಉಪ್ಪಾದರೆ ಉಪ್ಪಾಗಿದೆ ಎನ್ನುತ್ತಾನೆ, ನಮ್ಮೂರ ಬಾವಿ ನೆನಪಾಯಿತು ಎನ್ನುವುದಿಲ್ಲ. ಹೊಂಡ ತೋಡಿಸು, ಚೆಂದ, ಯೋಚಿಸಿ ನೋಡು! ಈ ಜಾಣ ಮಾತು ಎಲ್ಲಿ ಕಲಿತೆಯೋ ನಾನರಿಯೆ. ಡೋಣಿ ದಂಡೆಯಲ್ಲಂತೂ ಅಲ್ಲ. ಅಂದೇ ಹೇಳಿದ್ದರೆ ಅಂದೇ ಹೊಂಡ ತೋಡುತ್ತಿದ್ದೆವು, ಅರ್ಜಿಯನ್ನು ಮುಂದಕ್ಕೆ ಹಾಕುತ್ತಿದ್ದೆವು, ಪುಣೆಯವನನ್ನು ಕೈಕಾಲು ಹಿಡಿದು ನಿಲ್ಲಿಸಿಕೊಳ್ಳುತ್ತಿದ್ದೆವು.

ಮುದ್ರೆ ಯಾರಿಗೆ ಸಿಕ್ಕಿತೆಂದು ನನಗಿಂತ ಮೊದಲು ನಿನಗೆ ಗೊತ್ತು. ಮುದ್ದೇಬಿಹಾಳದ ಆಚೆ ಕಾಲುವೆಯ ಪಕ್ಕದ ಹೊಸ ಕಂಪನಿಗೆ. ಹೆಸರು ಭೀಮೆಯದು, ನೀರು ಕೃಷ್ಣೆಯದು. ನಿಯಮದ ಪ್ರಕಾರ ಎಲ್ಲ ಸರಿಯಾಗಿದೆಯಂತೆ. ಪುಣೆಯವನು ಈಗ ಅವರ ಮಾಲು ಎತ್ತುತ್ತಾನೆ.

ಸಂಕ್ರಾಂತಿ ಮುಗಿಯುತ್ತಲೇ ಮುರ್ತುಜಾಸಾಬರು ಬಳ್ಳಿ ಕೀಳಿಸಿದರು. ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ‘ಕಬ್ಬ ಹಚ್ಚತೇನವ್ವ. ಕಬ್ಬಿಗೆ ಯಾರೂ ಮುದ್ರಿ ಕೇಳೂದಿಲ್ಲ’ ಎಂದರಷ್ಟೇ. ಈಗ ಬದುವಿನ ಆಚೆಯಿಂದಲೇ ಕೈ ಎತ್ತಿ ಸಲಾಂ ಮಾಡುತ್ತಾರೆ, ಈಚೆ ದಾಟುವುದಿಲ್ಲ. ನಾನು ಕಲಿತವಳೆಂದು ನಂಬಿ ಕೆಟ್ಟ ಮನುಷ್ಯ. ಅವರ ಗೋಡೆಯ ಮೇಲೆ ಆ ಕಟ್ಟು ಇನ್ನೂ ಇದೆಯೋ ತೆಗೆದರೋ ಕೇಳುವ ಧೈರ್ಯ ನನಗಿಲ್ಲ.

ಕಿತ್ತ ಬಳ್ಳಿಗಳಿಗೆ ಅವರು ಬೆಂಕಿ ಕೊಟ್ಟ ದಿನ ಹೊಗೆ ನಮ್ಮ ಅಂಗಳಕ್ಕೆಲ್ಲ ಬಂತು. ಅತ್ತೆ ಹೊರಗೆ ಬಂದು ನೋಡಿದರು. ಆಮೇಲೆ ನನ್ನನ್ನು ಕರೆದರು. ‘ವಿದ್ಯಾ, ಒಂದ ಬಾಟ್ಲಿ ತಗೊಂಡ ಬಾ. ಕುಡದ ನೋಡು. ಮಂದಿ ಯಾತಕ ನಕ್ಕರು ಅನ್ನೂದರ ತಿಳೀಲಿ. ಪಾಪ ಬಂದ್ರ ನನಗ ಬರಲಿ.’

ಕುಡಿದೆ. ಮೊದಲ ಸಲ. ಒಗರಿತ್ತು, ಹುಳಿಯಿತ್ತು, ಗಂಟಲಲ್ಲಿ ಬಿಸಿ ಇಳಿಯಿತು. ಉಪ್ಪನ್ನು ಹುಡುಕಿದೆ. ನಾಲಿಗೆಯ ಮೇಲೆ ಹೊರಳಿಸಿ ಹುಡುಕಿದೆ. ಬಾವಿಯ ನೀರಿನಿಂದ ಬಾಯಿ ಮುಕ್ಕಳಿಸಿ ಮತ್ತೊಂದು ಗುಟುಕು ಕುಡಿದು ಹುಡುಕಿದೆ.

‘ಉಪ್ಪ ಐತೇನು?’ ಎಂದು ಅತ್ತೆ ಕೇಳಿದರು.

‘ಇಲ್ರಿ ಅತ್ತಿ.’

‘ಹಂಗಾರ ಸುಳ್ಳ ಬರದಾರ ಆ ಮಂದಿ’ ಎಂದು ಎದ್ದು ಒಳಗೆ ಹೋದರು.

ಸುಳ್ಳಲ್ಲ ಎಂದು ನನಗೆ ಗೊತ್ತು. ಯಂತ್ರ ತೋರಿಸಿದ ಅಂಕಿ ನಿಮ್ಮ ಆದೇಶದಲ್ಲಿದೆ, ನಾನೂ ಓದಿದವಳು. ಆದರೆ ನನ್ನ ಬಾಯಿಗೆ ಅದು ಸಿಗಲಿಲ್ಲ, ಸಂಜೀವ. ಮದುವೆಯಾಗಿ ಬಂದಾಗಿನಿಂದ ಕುಡಿದ ನೀರು, ಅದು ಉಪ್ಪೆಂದು ನನಗೆ ಹೇಗೆ ತಿಳಿಯಬೇಕು? ಯಾಕೆ ರುಚಿ ನೋಡಲಿಲ್ಲ ಎಂದು ನೀನು ಕೇಳಿದ್ದೆ. ನೋಡಿದ್ದರೂ ತಿಳಿಯುತ್ತಿರಲಿಲ್ಲ. ನನಗೂ ಇಲ್ಲ, ಮುರ್ತುಜಾಸಾಬರಿಗೂ ಇಲ್ಲ, ಈ ಎರಡು ಮನೆಯಲ್ಲಿ ಯಾರಿಗೂ ಇಲ್ಲ. ತಿಳಿಯುತ್ತಿದ್ದವನು ನೀನೊಬ್ಬನೇ. ನೀನು ಹೇಳಲಿಲ್ಲ.

ಮೊನ್ನೆ ಇಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಸುನಂದಾ ಸಿಕ್ಕಿದ್ದಳು. ದೀಪಾವಳಿಗೆ ಬಂದಾಗ ನೀನು ಕುಡಿಯುವ ನೀರನ್ನೂ ಕ್ಯಾನಿನಲ್ಲಿ ಹೊತ್ತು ತಂದಿದ್ದೆಯಂತೆ. ‘ಅಣ್ಣಗ ಈಗ ನಮ್ಮ ನೀರ ಒಗ್ಗೂದಿಲ್ರಿ ಅಕ್ಕಾ’ ಎಂದಳು. ಪಾಪ, ಆಕೆ ಸಹಜವಾಗಿ ಹೇಳಿದಳು.

ಈ ಸಲದ ಪೆಟ್ಟಿಗೆಯಲ್ಲಿ ಒಂದೇ ಬಾಟಲಿ ಇದೆ. ಲೇಬಲ್ಲು ಹಳೆಯದೇ, ನಿನ್ನ ಸಾಲಿನದು. ಒಳಗಿರುವುದು ವೈನ್ ಅಲ್ಲ, ನಮ್ಮ ಬಾವಿಯ ನೀರು. ಈ ಸಲ ಲೇಬಲ್ಲಿನಲ್ಲಿ ಸುಳ್ಳಿಲ್ಲ. ಸಣ್ಣವನಿದ್ದಾಗ ಬೊಗಸೆಯಲ್ಲಿ ಕುಡಿಯುತ್ತಿದ್ದೆಯಲ್ಲ, ಹಾಗೆ ಕುಡಿದು ನೋಡು. ಗಂಟಲಲ್ಲಿ ಇಳಿದರೆ ಇಂಡಿಯಲ್ಲಿ ಟೆಂಪೋ ಹತ್ತಿ ಬಾ, ಮುರ್ತುಜಾಸಾಬರ ಮುಂದೆ ಇಬ್ಬರೂ ಹೋಗಿ ನಿಲ್ಲೋಣ. ಇಳಿಯದಿದ್ದರೆ ಬರಬೇಡ, ಬರೆಯಲೂ ಬೇಡ. ಉಗುಳಿಬಿಡು, ಅದು ನಿನಗೆ ರೂಢಿಯಾಗಿದೆ.

ವಿದ್ಯಾವತಿ